ನನ್ನ ಬದಿಯ ಬ್ರೇಕು

ಡುಲೂತಿನ ಬೀದಿಗಳಿಗೆಲ್ಲ ಸರೋವರಕ್ಕೆ ಬೀಳುವ ಅವಸರ.
ಮೇಲಿನಿಂದ ನೋಡಿದರೆ ಅದಿರಿನ ಹಡಗು
ಬೀದಿಯ ತುದಿಗೇ ಕಟ್ಟಿಹಾಕಿದಂತೆ ಕಾಣುತ್ತದೆ.
ಅಂಥದೊಂದು ಬೀದಿಯಲ್ಲಿ, ಮಾರ್ಚಿನ ಒಂದು ಗುರುವಾರ,
ನನ್ನ ಮಗ ಎಯ್ನೊ, ಹದಿನಾರು ತುಂಬಿ ಹನ್ನೊಂದು ವಾರ,
ಅವನಜ್ಜಿ ಬಿಟ್ಟುಹೋದ ಬ್ಯೂಕನ್ನು ಒಯ್ದು
ಕೊವಾಲ್ಚಿಕ್ ಅವರ ನಿಂತ ಪಿಕಪ್ಪಿಗೆ ಗುದ್ದಿದ.

ಯಾರಿಗೂ ಏನೂ ಆಗಲಿಲ್ಲ.
ಇದನ್ನು ಮೊದಲು ಹೇಳಬೇಕಿತ್ತು.
ಅವತ್ತು ನಾನೂ ಇದನ್ನು ಮೊದಲು ಕೇಳಲಿಲ್ಲ.

ಮುಂದಿನ ಬಂಪರು, ಎಡಗಡೆಯ ದೀಪ, ರೇಡಿಯೇಟರು,
ಮಡಚಿಕೊಂಡ ಬಾನೆಟ್ಟು, ಪಿಕಪ್ಪಿನದೊಂದು ಬಾಗಿಲು.
ಗ್ಯಾರೇಜಿನ ವೆಸ್ಟರ್‌ಲಂಡ್ ಪೆನ್ಸಿಲು ನೆಕ್ಕಿ ನೆಕ್ಕಿ
ಸಾಲಿನ ಕೆಳಗೆ ಸಾಲು ಬರೆದ:
ಎರಡು ಸಾವಿರದ ಎಂಟುನೂರ ನಲವತ್ತು ಡಾಲರು.
ವಿಮೆಗೆ ಹಾಕಿದರೆ ಕಂತು ಏರುತ್ತೆ, ಯೋಚಿಸು, ಅಂದ.
ಹುಡುಗನ ಹೆಸರು ಸೇರಿಸಿದಾಗಲೇ ಉಕ್ಕಿತ್ತು ಅದು,
ಹಾಲಿನ ಹಾಗೆ, ನಾವು ಅತ್ತ ತಿರುಗಿದ ಹೊತ್ತಿಗೆ.

"ಒತ್ತಿದೆ ಅಪ್ಪ. ಹಿಡೀಲಿಲ್ಲ."
ಕುಣಿಯಲಾರದವರಿಗೆ ಅಂಗಳ ಯಾವಾಗಲೂ ಡೊಂಕು, ಅಂದೆ.
ಹಿಮ ಗಟ್ಟಿಯಾಗಿದೆ ಅಂತ ಗೊತ್ತಿದ್ದೂ ಅಷ್ಟು ವೇಗ ಯಾಕೆ, ಅಂದೆ.
ನನ್ನಪ್ಪ ನನಗೆ ಹೇಗೆ ಬುದ್ಧಿ ಕಲಿಸಿದ ಅಂತಲೂ
ಹೇಳಿದೆ; ಅರ್ಧ ನಿಜ.
ಅಡುಗೆಮನೆಯ ಮೇಜಿನ ಮೇಲೆ ಗೆರೆ ಹೊಡೆದ ಪುಸ್ತಕ:
ವಾರಕ್ಕೆ ನಲವತ್ತು, ಎಪ್ಪತ್ತೊಂದು ವಾರ.
"ಎಪ್ಪತ್ತೊಂದೇ?" ಅಂದಳು ಕಾರ್ಲೀನ್.
ಲೆಕ್ಕ ಹಾಗೆ ಹೇಳುತ್ತೆ, ನಾನಲ್ಲ, ಅಂದೆ.

ಶನಿವಾರ ಸಂಜೆ ಮೀನಂಗಡಿಯ ಹೊಗೆ ಹೊತ್ತು ಬರುತ್ತಾನೆ.
ಉಪ್ಪುನೀರಿಗೆ ಬೆರಳಿನ ಸಂದು ಬಿರಿದಿದೆ.
ಲಕೋಟೆಯನ್ನು ಫ್ರಿಜ್ಜಿನ ಮೇಲಿಟ್ಟು
ಪುಸ್ತಕದಲ್ಲೊಂದು ಗೀಟೆಳೆದು
ಮಾತಿಲ್ಲದೆ ಮಹಡಿ ಹತ್ತುತ್ತಾನೆ.
ಹೆಮ್ಮೆಯಾಗುತ್ತಿತ್ತು ನನಗೆ. ಕೊವಾಲ್ಚಿಕ್ ಎದುರಿಗೇ
ಬೇಲಿಗೆ ಮೊಣಕೈ ಊರಿ ಹೇಳಿಕೊಂಡೆ ಕೂಡ:
ಜವಾಬ್ದಾರಿ ಅನ್ನೋದನ್ನ ಹೀಗೇ ಕಲಿಸಬೇಕು.

ಒಂಬತ್ತನೇ ವಾರದ ಲಕೋಟೆ ದಪ್ಪಗಿತ್ತು.
ಎರಡು ಇಪ್ಪತ್ತರ ನೋಟು. ಅವುಗಳ ನಡುವೆ
ನಾಲ್ಕು ಮಡಿಕೆಯ ಹಳದಿ ಚೀಟಿ, ಎಣ್ಣೆಯ ಹೆಬ್ಬೆಟ್ಟಿನ ಗುರುತು ಸಮೇತ.
ನವೆಂಬರಿನದು, ಆಯಿಲು ಬದಲಿಸಿದ ದಿನದ್ದು:
ಮುಂದಿನ ಬ್ರೇಕ್ ಪ್ಯಾಡು ಎರಡೇ ಮಿಲಿಮೀಟರು,
ತಕ್ಷಣ ಬದಲಿಸಿ, ಮುನ್ನೂರ ಹತ್ತು ಡಾಲರು.
ಕೆಳಗೆ, "ಈಗ ಬೇಡ" ಎಂಬ ಚೌಕದೊಳಗೆ ಒಂದು ಗುರುತು,
ಅದರ ಪಕ್ಕ ನನ್ನ ಸಹಿ, ಬಾಲ ಎಳೆದು,
ಹೆಸರಿನ ನೆತ್ತಿಯ ಚುಕ್ಕೆಗಳನ್ನೂ ಬಿಡದೆ.

ಮರೆತಿದ್ದೆ ಅಂತ ಇಲ್ಲಿ ಬರೆಯಬಹುದು.
ಮರೆತಿರಲಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ
ಕೈಪಿಡಿಯ ಕೆಳಗೆ, ನಕ್ಷೆಯ ಕೆಳಗೆ ತುರುಕಿದ್ದು ನಾನೇ.
ಕೀ ಕೊಡುವಾಗ ಆ ಕೀರಲು ಸದ್ದು ಕಿವಿಯಲ್ಲಿತ್ತು.
ಈ ಚಳಿಗಾಲವೊಂದು ಕಳೆಯಲಿ ಅಂದುಕೊಂಡಿದ್ದೆ.
ಆ ತಿಂಗಳು ಮನೆಯ ಬಾಯ್ಲರು ಕೆಟ್ಟಿತ್ತು, ಅದೂ ನಿಜ.
ಆದರೆ ಬಾಯ್ಲರು ಗುಡ್ಡ ಇಳಿಯುವುದಿಲ್ಲ.

ಅವನಿಗೆ ಯಾವಾಗ ಸಿಕ್ಕಿತೋ. ಮೊದಲ ವಾರವೇ?
ಎಷ್ಟು ಶನಿವಾರ, ಗೊತ್ತಿದ್ದೂ, ಗೀಟೆಳೆದನೋ.

ಭಾನುವಾರ ಅವನೇ ಓಡಿಸಿದ, ನಾನು ಪಕ್ಕದಲ್ಲಿ.
ಹೊಸ ಬ್ರೇಕು ಮೆತ್ತಗೆ ಹಿಡಿಯುತ್ತದೆ.
ಅದರ ದುಡ್ಡೂ ಆ ಲೆಕ್ಕದೊಳಗೇ ಇತ್ತು,
ವೆಸ್ಟರ್‌ಲಂಡನ ಕೊನೆಯ ಸಾಲಿನಲ್ಲಿ; ಅವನೇ ತೆರುತ್ತಿದ್ದ.
ಆದರೂ ಇಳಿಜಾರು ಬಂದಾಗಲೆಲ್ಲ ನನ್ನ ಬಲಗಾಲು
ಇಲ್ಲದ ಬ್ರೇಕೊಂದನ್ನು ಒತ್ತುತ್ತಲೇ ಇತ್ತು.
ಅಲ್ಲಿ ಚಾಪೆ ಸವೆದು ಪಾದದಗಲ ಬೋಳಾಗಿದೆ.
"ಅದು ಯಾವುದಕ್ಕೂ ಜೋಡಿಸಿಲ್ಲ ಅಪ್ಪ" ಅಂದ,
ರಸ್ತೆಯಿಂದ ಕಣ್ಣು ತೆಗೆಯದೆ.

ಕೆಂಪು ದೀಪ. ನಿಂತೆವು.
ಕೆಳಗೆ ಹಡಗೊಂದು ಕೂಗು ಹಾಕಿ
ಸೇತುವೆಯನ್ನು ಎತ್ತಿಸಿಕೊಳ್ಳುತ್ತಿತ್ತು.
ಮುನ್ನೂರ ಹತ್ತು, ಅಂದೆ.
ಹೂಂ, ಅಂದ.
ಪುಸ್ತಕದಲ್ಲುಳಿದ ಅರವತ್ತೆರಡು ಮನೆಗಳಿಗೆ
ಏನು ಹೇಳಬೇಕೆಂದು ನಾನು ತಡಕುವಷ್ಟರಲ್ಲಿ
ಹಸಿರು ಬಂತು.